ಸಾಕ್ಷಿಯೂ ವೇಷವೂ

1922ನೆಯ ಇಸವಿ ಜೂನ್ 11ನೆಯ ತಾರೀಖು ನ್ಯೂಯಾರ್ಕ್ ಪಟ್ಟಣದ ಕ್ಯಾಪಿಟಲ್ ಎಂಬ ಚಿತ್ರಮಂದಿರದಲ್ಲಿ ಒಂದು ಮೂಕಚಿತ್ರವು ಮೊದಲ ಬಾರಿಗೆ ಪ್ರದರ್ಶಿತವಾಯಿತು. ಅದರಲ್ಲಿ ಹೆಸರಾಂತ ನಟರಿರಲಿಲ್ಲ, ಬಣ್ಣದ ಪರದೆಗಳಿರಲಿಲ್ಲ, ಪ್ರಣಯಕಥೆಯೂ ಇರಲಿಲ್ಲ. ಕೆನಡಾ ದೇಶದ ಉತ್ತರದಲ್ಲಿ, ಹಡ್ಸನ್ ಕೊಲ್ಲಿಯ ಹಿಮಾವೃತವಾದ ತೀರದಲ್ಲಿ, ನಾನೂಕನೆಂಬ ಬೇಟೆಗಾರನು ಹೆಂಡಿರು ಮಕ್ಕಳೊಡನೆ ಹಸಿವನ್ನೂ ಚಳಿಯನ್ನೂ ಎದುರಿಸಿ ಬಾಳುವ ಬಗೆಯಷ್ಟೇ ಅದರ ವಸ್ತು. ‘ನಾನೂಕ್ ಆಫ್ ದಿ ನಾರ್ತ್’ ಎಂಬ ಆ ಚಿತ್ರವನ್ನು ಕಂಡ ಜನರು ತಾವು ಕಂಡುದು ನಾಟಕವಲ್ಲ, ಬಾಳೇ ಸರಿ ಎಂದು ನಂಬಿದರು. ನಂಬುವಂತೆ ಅದನ್ನು ಕಟ್ಟಿಯೂ ಇದ್ದಿತು.

ಈ ಬಗೆಯ ಚಿತ್ರಗಳಿಗೆ ಆಗಿನ್ನೂ ಹೆಸರೇ ಹುಟ್ಟಿರಲಿಲ್ಲ. ನಾಲ್ಕು ವರ್ಷಗಳ ತರುವಾಯ, 1926ರಲ್ಲಿ, ಜಾನ್ ಗ್ರಿಯರ್ಸನ್ ಎಂಬ ಸ್ಕಾಟ್ಲೆಂಡಿನ ವಿಮರ್ಶಕನು ಇದೇ ನಿರ್ಮಾಪಕನ ಮತ್ತೊಂದು ಚಿತ್ರವನ್ನು ಕುರಿತು ಬರೆಯುವಾಗ ‘ಡಾಕ್ಯುಮೆಂಟರಿ’ ಎಂಬ ಮಾತನ್ನು ಬಳಸಿದನು, ಅದೇ ನಿಂತಿತು. ಕನ್ನಡದಲ್ಲಿ ಅದು ಸಾಕ್ಷ್ಯಚಿತ್ರವೆನಿಸಿತು. ಮೂಲದ ಇಂಗ್ಲಿಷ್ ಮಾತಿನಲ್ಲಿ ಕಾಗದಪತ್ರದ ವಾಸನೆಯಿದೆ. ಕನ್ನಡದ ಮಾತಿನಲ್ಲಾದರೋ ಪ್ರಮಾಣ ಮಾಡಿ ಕಟಕಟೆಯಲ್ಲಿ ನಿಂತ ಮನುಷ್ಯನೇ ಕಾಣುತ್ತಾನೆ. ಕಲಾವಿದನು ಸಾಕ್ಷಿಯ ಸ್ಥಾನದಲ್ಲಿ ನಿಂತು, ತನ್ನದಲ್ಲದ ಒಂದು ಜನಾಂಗದ ಹಿಂದಣ ಬಾಳನ್ನು ಕುರಿತು ನುಡಿಯುವಾಗ ಅವನಿಗೆ ಎಷ್ಟು ಸ್ವಾತಂತ್ರ್ಯವುಂಟು? ಇಂದಿಗೂ ತೀರದ ಈ ವ್ಯಾಜ್ಯವು ಆರಂಭವಾದುದೇ ನಾನೂಕನ ಚಿತ್ರದಿಂದ.

ಚಿತ್ರವನ್ನು ತೆಗೆದ ರಾಬರ್ಟ್ ಫ್ಲಾಹರ್ಟಿಯು 1884ರಲ್ಲಿ ಅಮೆರಿಕದ ಮಿಷಿಗನ್ ಸೀಮೆಯಲ್ಲಿ ಗಣಿಯ ಎಂಜಿನಿಯರೊಬ್ಬನ ಮಗನಾಗಿ ಹುಟ್ಟಿದನು. 1910ರಿಂದ ಮೊದಲುಗೊಂಡು, ಕೆನಡಾದಲ್ಲಿ ರೈಲುದಾರಿಗಳನ್ನು ಕಟ್ಟಿಸುತ್ತಿದ್ದ ಸರ್ ವಿಲಿಯಂ ಮೆಕೆಂಜಿಯ ಪರವಾಗಿ ಕಬ್ಬಿಣದ ಅದಿರನ್ನು ಹುಡುಕುತ್ತ ಹಡ್ಸನ್ ಕೊಲ್ಲಿಯ ಸುತ್ತ ತಿರುಗಾಡಿದನು. ಅದಿರಿಗಿಂತ ಹೆಚ್ಚಾಗಿ ಅಲ್ಲಿಯ ಜನರು ಆತನ ಮನಸ್ಸನ್ನು ಸೆಳೆದರು. 1913ರಲ್ಲಿ ಹೊರಡುವಾಗ ಒಂದು ಕ್ಯಾಮೆರಾವನ್ನೂ ಜೊತೆಗೆ ಒಯ್ದನು. ಹೀಗೆ ಕೂಡಿಬಂದ ಸುಮಾರು 30,000 ಅಡಿಗಳ ಚಿತ್ರಸುರುಳಿಯು 1916ರಲ್ಲಿ ಟೊರಾಂಟೊ ನಗರದಲ್ಲಿ ಆತನದೇ ಸಿಗರೇಟಿನ ಕಿಡಿ ತಗುಲಿ ಸುಟ್ಟುಹೋಯಿತು. ಉಳಿದಿದ್ದ ಒಂದು ಪ್ರತಿಯನ್ನು ಹಾಕಿ ನೋಡಿದಾಗ ಆತನಿಗೇ ಬೇಸರವೆನಿಸಿತಂತೆ: ಇಲ್ಲೊಂದು ದೃಶ್ಯ, ಅಲ್ಲೊಂದು ದೃಶ್ಯ, ನಡುವೆ ಎಳೆಯೇ ಇಲ್ಲ. ಒಂದೇ ಕುಟುಂಬವನ್ನು ಹಿಡಿದು, ಆ ಕುಟುಂಬದ ಮೂಲಕ ಇಡೀ ಜನಾಂಗವನ್ನು ತೋರಿಸಬೇಕೆಂಬ ಯೋಚನೆಯು ಆ ಬೂದಿಯಿಂದ ಎದ್ದಿತು. ಒಂದು ಮುಖದಲ್ಲಿ ಒಂದು ಜನಾಂಗವನ್ನೇ ಕಾಣಿಸುವ ಈ ಉಪಾಯವು ಕಲೆಯ ದೃಷ್ಟಿಯಿಂದ ಬಲು ಸಮರ್ಥವಾದುದು. ತೊಡಕೆಲ್ಲವೂ ಅದರ ಹೊಟ್ಟೆಯಲ್ಲಿಯೇ ಇದ್ದಿತು.

ರೆವಿಯೋನ್ ಎಂಬ ಫ್ರೆಂಚ್ ತುಪ್ಪುಳುಚರ್ಮದ ವ್ಯಾಪಾರಿಗಳು ಹಣವನ್ನೊದಗಿಸಿದರು. 1920ರ ಆಗಸ್ಟಿನಲ್ಲಿ ಫ್ಲಾಹರ್ಟಿಯು ಕೊಲ್ಲಿಯ ಪೂರ್ವತೀರದಲ್ಲಿದ್ದ ಅವರ ಕೋಠಿಗೆ ಬಂದಿಳಿದನು. ಬಿಳಿಯರು ಆ ಸ್ಥಳವನ್ನು ಪೋರ್ಟ್ ಹ್ಯಾರಿಸನ್ ಎಂದು ಕರೆಯುತ್ತಿದ್ದರು; ಸ್ಥಳೀಯರ ನುಡಿಯಲ್ಲಿ ಅದು ಇನುಕ್ಜುವಾಕ್. ಆ ಜನರನ್ನು ಹೊರಗಿನವರು ‘ಎಸ್ಕಿಮೋ’ ಎನ್ನುತ್ತಿದ್ದರಾದರೂ ಅವರು ತಮ್ಮನ್ನು ಕರೆದುಕೊಳ್ಳುವುದು ‘ಇನುಯಿಟ್’ ಎಂದು. ನಾಯಕನ ಪಾತ್ರಕ್ಕೆ ಆಯ್ಕೆಯಾದವನು ಅಲ್ಲಾಕರಿಯಾಲ್ಲಾಕ್ ಎಂಬ ನುರಿತ ಬೇಟೆಗಾರ. ಹೊರಗಿನ ನಾಲಗೆಗೆ ಹೊರಳದ ಈ ಹೆಸರನ್ನು ಬಿಟ್ಟು ಫ್ಲಾಹರ್ಟಿಯು ಆತನಿಗೆ ‘ನಾನೂಕ್’, ಎಂದರೆ ಕರಡಿ, ಎಂಬ ಹೆಸರಿಟ್ಟನು. ತೆರೆಯ ಮೇಲೆ ಆತನ ಹೆಂಡಿರೆಂದು ಕಾಣುವವರು ಆತನ ಹೆಂಡಿರಲ್ಲ. ಕುಟುಂಬವೆಂಬುದು ಚಿತ್ರಕ್ಕಾಗಿ ಕೂಡಿಸಿದ ಕುಟುಂಬ.

ಬೇಟೆಯ ದೃಶ್ಯಗಳನ್ನು ನೋಡೋಣ. ಆ ಕಾಲಕ್ಕೆ ಇನುಕ್ಜುವಾಕಿನ ಬೇಟೆಗಾರರು ಬಂದೂಕುಗಳನ್ನು ಬಳಸುತ್ತಿದ್ದರು. ಫ್ಲಾಹರ್ಟಿಗಾದರೋ ತಾತಂದಿರ ಕಾಲದ, ಹಗ್ಗ ಕಟ್ಟಿದ ಈಟಿಯ ಬೇಟೆಯೇ ಬೇಕಾಗಿದ್ದಿತು. ಅಲ್ಲಾಕರಿಯಾಲ್ಲಾಕನು ಇದಕ್ಕೆ ಒಪ್ಪಿದನು; ಚಿತ್ರಕ್ಕೆ ಅಡ್ಡಿಯಾದರೆ ಬೇಟೆಯನ್ನೇ ಕೈಬಿಡುವೆವೆಂದೂ ಮಾತು ಕೊಟ್ಟನು. ಕೋರೆದಾಡೆಯ ವಾಲ್ರಸ್ ಎಂಬ ದೈತ್ಯಪ್ರಾಣಿಗೆ ಈಟಿ ನೆಟ್ಟು, ಅದು ಬೇಟೆಗಾರರನ್ನು ಕಡಲಿನೆಡೆಗೆ ಎಳೆಯತೊಡಗಿದಾಗ, ಬಂದೂಕು ಹಾರಿಸಬೇಕೆಂದು ಅವರು ಕೂಗಿಕೊಂಡರು. ಫ್ಲಾಹರ್ಟಿಯು ಕೇಳಿಸದವನಂತೆ ಯಂತ್ರದ ಹಿಡಿಯನ್ನು ತಿರುಗಿಸುತ್ತಲೇ ನಿಂತನು. ಸೀಲ್ ಬೇಟೆಯಲ್ಲಿ ಮಂಜಿನ ರಂಧ್ರದೊಳಗಿನ ಪ್ರಾಣಿಯೊಡನೆ ನಾನೂಕನು ಜಗ್ಗಾಡುವುದು ಪ್ರೇಕ್ಷಕರನ್ನು ನಗಿಸುತ್ತದೆ. ಹಗ್ಗದ ಆ ತುದಿಯನ್ನು ಜಗ್ಗುತ್ತಿದ್ದವರು ಚೌಕಟ್ಟಿನ ಹೊರಗೆ ನಿಂತ ಮನುಷ್ಯರು, ಸೀಲ್ ಆಗಲೇ ಸತ್ತುದು. ಮಂಜಿನ ಮನೆಯಾದ ಇಗ್ಲೂವಿನ ಒಳಗೆ ಕ್ಯಾಮೆರಾಕ್ಕೆ ಬೇಕಾದಷ್ಟು ಬೆಳಕೂ ಇರಲಿಲ್ಲ, ಸ್ಥಳವೂ ಇರಲಿಲ್ಲ. ವಾಡಿಕೆಗಿಂತ ದೊಡ್ಡದಾದ ಗುಮ್ಮಟವನ್ನು ಕಟ್ಟಹೋದರೆ ಅದು ಕುಸಿಯಿತು. ಕೊನೆಗೆ ನಿಂತ ಮನೆಯ ಅರ್ಧಭಾಗವನ್ನು ಕತ್ತರಿಸಿಹಾಕಬೇಕಾಯಿತು. ಬೆಚ್ಚನೆಯ ಮನೆಯಲ್ಲಿ ಮಲಗಿ ಏಳುವಂತೆ ಕಾಣುವ ಆ ಜನರು ನಿಜವಾಗಿ ಬಯಲಿನ ಕೊರೆಯುವ ಚಳಿಯಲ್ಲಿ ಬಟ್ಟೆ ಕಳಚಿ ತೊಡುತ್ತಿದ್ದರು.

ಇವೆಲ್ಲವನ್ನೂ ಮೋಸವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಮಂಜಿನ ಮನೆಯನ್ನು ಕಟ್ಟುವ ಕುಶಲತೆ ಅವರದೇ. ಈಟಿಯ ಬೇಟೆ ಅವರ ಹಿರಿಯರದೇ. ಮರೆತುಹೋಗುತ್ತಿದ್ದುದನ್ನು ಮತ್ತೊಮ್ಮೆ ಮಾಡಿ ತೋರಿಸಿದರು. ಕೈ ನಡುಗಿಸುವ ಚಳಿಯಲ್ಲಿ ಚಿತ್ರಸುರುಳಿಯನ್ನು ತೊಳೆಯಲು ಮಂಜುಗಡ್ಡೆಗೆ ರಂಧ್ರ ಕೊರೆದು ನೀರು ಹೊತ್ತವರೂ ಅವರೇ. ತೊಳೆದ ಚಿತ್ರವನ್ನು ಫ್ಲಾಹರ್ಟಿಯು ಅಲ್ಲಿಯೇ ಅವರಿಗೆ ತೋರಿಸಿದಾಗ, ವಾಲ್ರಸ್ಸನ್ನು ಬಿಡಬೇಡಿರೆಂದು ಗುಡಿಸಿಲೇ ಮೊಳಗುವಂತೆ ಕೂಗಿದರಂತೆ. ಅವರು ಚಿತ್ರಕ್ಕೆ ಒಡ್ಡಿಕೊಂಡ ಬರಿಯ ಗೊಂಬೆಗಳಲ್ಲ, ಅದರ ನಿರ್ಮಾಣದಲ್ಲಿ ಪಾಲುಗಾರರು. ಹಿಂದಿನದನ್ನು ಅಭಿನಯಿಸಿ ತೋರಿಸುವುದು ದೋಷವಾದರೆ ಜಗತ್ತಿನ ರಂಗಕಲೆಯೆಲ್ಲವೂ ದೋಷವೇ. ಯಕ್ಷಗಾನದ ರಂಗಸ್ಥಳದಲ್ಲಿ ಅರ್ಜುನನು ಕುಣಿದರೆ ಅದನ್ನು ಸುಳ್ಳೆನ್ನುವವರಿಲ್ಲ. ಏಕೆಂದರೆ ವೇಷವು ವೇಷವೆಂದೇ ಎದುರಿಗೆ ಬರುತ್ತದೆ, ಚೌಕಿಯಲ್ಲಿ ಬಣ್ಣ ಬಳಿದುಕೊಂಡವನಾರೆಂದು ಊರಿಗೆಲ್ಲ ಗೊತ್ತು. ಫ್ಲಾಹರ್ಟಿಯು ಮರೆಮಾಡಿದುದು ಇದೊಂದನ್ನೇ. ‘ಇದು ನಿಮ್ಮ ತಾತಂದಿರ ಕಾಲದ ಬಾಳು, ಮೊಮ್ಮಕ್ಕಳು ನಟಿಸಿ ತೋರಿಸುತ್ತಿದ್ದಾರೆ’ ಎಂಬರ್ಥದ ಒಂದು ಸಾಲನ್ನು ತೆರೆಯ ಮೇಲೆ ಬರೆದಿದ್ದರೆ ಸಾಕಾಗಿದ್ದಿತು. ಮೂಕಚಿತ್ರದಲ್ಲಿ ಬರೆಹದ ಸಾಲುಗಳಿಗೇನೂ ಬರವಿರಲಿಲ್ಲ.

ಆದರೂ ಒಂದು ದೃಶ್ಯಕ್ಕೆ ಈ ಸಮಾಧಾನವೂ ಸಲ್ಲದು. ಕೋಠಿಯ ವ್ಯಾಪಾರಿಯು ಗ್ರಾಮಫೋನನ್ನು ಹಾಡಿಸಿ ತೋರಿಸುತ್ತಾನೆ; ನಾನೂಕನು ಬೆರಗಾಗಿ ನಗುತ್ತ, ತಟ್ಟೆಯನ್ನು ಬಾಯಿಗಿಟ್ಟು ಕಚ್ಚಿ ನೋಡುತ್ತಾನೆ. ಅಲ್ಲಾಕರಿಯಾಲ್ಲಾಕನಿಗೆ ಗ್ರಾಮಫೋನೆಂದರೇನೆಂದು ಚೆನ್ನಾಗಿ ತಿಳಿದಿದ್ದಿತು. ಈಟಿಯ ಬೇಟೆಯಲ್ಲಿ ಅವರಿಗೆ ಹಿಂದೆ ಇದ್ದ ವಿದ್ಯೆಯನ್ನು ಮರಳಿ ತೊಡಿಸಿದುದಾಯಿತು. ಇಲ್ಲಿ ಇಲ್ಲದ ಮೌಢ್ಯವನ್ನು ತೊಡಿಸಿದುದಾಯಿತು. ಎರಡೂ ನಟನೆಯೇ, ಆದರೆ ಮೊದಲನೆಯದರಿಂದ ಆ ಜನರ ಮಾನವು ಏರಿತು, ಎರಡನೆಯದರಿಂದ ನೋಡುವವರ ಅಹಂಭಾವವು ಕೊಬ್ಬಿತು. ಕಲಾವಿದನ ಸ್ವಾತಂತ್ರ್ಯವನ್ನು ಎತ್ತಿಹಿಡಿಯುವವರು ಸಾಮಾನ್ಯವಾಗಿ ಇಗ್ಲೂವಿನ ಮಾತನ್ನೇ ಆಡಿ ಗ್ರಾಮಫೋನಿನ ಮಾತನ್ನು ನುಂಗಿಬಿಡುತ್ತಾರೆ.

ಫ್ಲಾಹರ್ಟಿಗೆ ಇನುಯಿಟರಲ್ಲಿ ತಾತ್ಸಾರವಿದ್ದಿತೆಂದು ಹೇಳುವಂತಿಲ್ಲ. ಆತನ ಮುಂದಿನ ಚಿತ್ರಗಳು ಇದಕ್ಕೆ ಪ್ರಮಾಣ. 1926ರಲ್ಲಿ ತೆರೆಕಂಡ ‘ಮೋನಾ’ ಚಿತ್ರಕ್ಕಾಗಿ ಸಮೋವಾ ದ್ವೀಪದ ಜನರಿಗೆ ಹಿಂದಣ ಉಡುಪನ್ನು ತೊಡಿಸಿದನು. ಬಳಕೆ ತಪ್ಪುತ್ತಿದ್ದ ಹಚ್ಚೆಯನ್ನು ಒಬ್ಬ ಯುವಕನ ಮೈಮೇಲೆ ನಿಜವಾಗಿಯೇ ಚುಚ್ಚಿಸಿದನು. 1934ರ ‘ಮ್ಯಾನ್ ಆಫ್ ಆರಾನ್’ ಚಿತ್ರದಲ್ಲಿ ಐರ್ಲೆಂಡಿನ ಕಡಲ ನಡುವಣ ದ್ವೀಪವಾಸಿಗಳು ಈಟಿಯಿಂದ ದೊಡ್ಡ ಶಾರ್ಕುಗಳನ್ನು ಬೇಟೆಯಾಡುತ್ತಾರೆ. ಆ ಬೇಟೆ ಅಲ್ಲಿ ನಿಂತು ಅರ್ಧ ಶತಮಾನಕ್ಕೂ ಮಿಕ್ಕಿದ್ದಿತು, ಅವರಿಗೆ ಅದನ್ನು ಹೊಸದಾಗಿ ಕಲಿಸಬೇಕಾಯಿತು. ಬಿಳಿಯರಾದ ಐರಿಷರಿಗೂ ಆತನು ಮಾಡಿದುದು ಅದನ್ನೇ. ಹೋದ ಕಾಲದ ಮೇಲಣ ಮೋಹವೇ ಆತನ ಕಲೆಯ ಬೇರು. ಆದರೆ ಒಂದೇ ಬೀಜವು ಎರಡು ನೆಲಗಳಲ್ಲಿ ಎರಡು ಬಗೆಯ ಬೆಳೆ ಕೊಟ್ಟಿತು. ಐರಿಷರ ವಿಷಯವನ್ನು ಹೇಳಲು ಅವರದೇ ಕವಿಗಳಿದ್ದರು, ನಾಟಕಕಾರರಿದ್ದರು, ಪತ್ರಿಕೆಗಳಿದ್ದುವು. ಇನುಯಿಟರ ವಿಷಯದಲ್ಲಿ ಹೊರಜಗತ್ತಿನ ಬಹುಜನರ ಕಣ್ಣಿಗೆ ಬಿದ್ದುದು ಇದೊಂದೇ ಮುಖ, ಅದೂ ಬೇರೆಯವರು ಹೆಸರಿಟ್ಟ ಮುಖ.

ಆ ಮುಖದ ಒಡೆಯನು ಚಿತ್ರವು ತೆರೆಕಂಡ ಎರಡು ವರ್ಷಗಳೊಳಗಾಗಿ ತೀರಿಕೊಂಡನು. ಜಿಂಕೆಯ ಬೇಟೆಗೆ ಹೋಗಿ ಹಸಿವಿನಿಂದ ಸತ್ತನೆಂದು ಫ್ಲಾಹರ್ಟಿಯು ಹೇಳಿದನು. ಕ್ಷಯದಂಥ ರೋಗದಿಂದ ಮನೆಯಲ್ಲಿಯೇ ಸತ್ತಿರಬೇಕೆಂಬುದು ತರುವಾಯದವರ ಎಣಿಕೆ. ಸಾವಿನಲ್ಲಿಯೂ ಅಲ್ಲಾಕರಿಯಾಲ್ಲಾಕನಿಗೆ ನಾನೂಕನ ವೇಷವನ್ನು ಕಳಚಲು ಬಿಡಲಿಲ್ಲ.

ಇಲ್ಲಿಂದ ಮುಂದಿನದು ಚಲಚ್ಚಿತ್ರದ ಇತಿಹಾಸದಲ್ಲಿ ಅಷ್ಟಾಗಿ ಬಾರದ ಸಂಗತಿ. ಚಿತ್ರದಲ್ಲಿ ಪಾತ್ರ ವಹಿಸಿದ್ದ ಮ್ಯಾಗಿ ಎಂಬ ಇನುಯಿಟ್ ಯುವತಿಗೆ 1921ರ ಕೊನೆಯಲ್ಲಿ ಫ್ಲಾಹರ್ಟಿಯಿಂದ ಒಬ್ಬ ಮಗನು ಹುಟ್ಟಿದನು. ತಂದೆಯು ಆಗಲೇ ಹೊರಟುಹೋಗಿದ್ದನು. 1951ರಲ್ಲಿ ತೀರಿಕೊಳ್ಳುವವರೆಗೂ ಮರಳಿ ಬರಲಿಲ್ಲ, ಮಗನನ್ನು ತನ್ನವನೆನ್ನಲೂ ಇಲ್ಲ. ಜೋಸೆಫಿ ಎಂಬ ಆ ಮಗನು ಇನುಯಿಟನಾಗಿಯೇ ಇನುಕ್ಜುವಾಕಿನಲ್ಲಿ ಬೆಳೆದನು. 1953ರಲ್ಲಿ ಕೆನಡಾ ಸರ್ಕಾರವು ಆ ಊರಿನ ಕೆಲವು ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರು ಉತ್ತರಕ್ಕೆ, ಚಳಿಗಾಲದಲ್ಲಿ ಮೂರು ತಿಂಗಳಿಗೂ ಮಿಕ್ಕು ಸೂರ್ಯನೇ ಮೂಡದ ದ್ವೀಪಗಳಿಗೆ ಸಾಗಿಸಿತು. ಅಲ್ಲಿ ಬೇಟೆ ಹೇರಳವೆಂದೂ, ಎರಡು ವರ್ಷಗಳ ಮೇಲೆ ಬೇಕಾದವರು ಮರಳಬಹುದೆಂದೂ ಹೇಳಲಾಯಿತು. 1955ರಲ್ಲಿ ಇನ್ನಷ್ಟು ಜನರು ಹೋದರು. ಅವರಲ್ಲಿ ಜೋಸೆಫಿಯ ಕುಟುಂಬವೂ ಒಂದು. ಮರಳಿಸುವ ಮಾತು ನಡೆಯಲಿಲ್ಲ. 1984ರಲ್ಲಿ ಆತನು ಸತ್ತನು. ಸರ್ಕಾರವು ಕ್ಷಮೆ ಬೇಡಿದುದು 2010ರ ಆಗಸ್ಟಿನಲ್ಲಿ.

ಈ ಕಷ್ಟವನ್ನು ಒಂದು ಚಲಚ್ಚಿತ್ರದ ತಲೆಗೆ ಕಟ್ಟುವುದು ಅವಿವೇಕ. ಉತ್ತರದ ಭೂಮಿಯ ಮೇಲಣ ಒಡೆತನ, ಸರ್ಕಾರಿ ನೆರವಿನ ಖರ್ಚು, ಹೀಗೆ ಕಾರಣಗಳು ಬೇರೆಯೇ ಇದ್ದುವು. ಆದರೆ ಅಧಿಕಾರಿಗಳು ಆಡಿದ ಮಾತನ್ನು ಗಮನಿಸಬೇಕು: ಕೋಠಿ, ಶಾಲೆ, ಔಷಧಾಲಯಗಳ ನೆರಳಿನಲ್ಲಿ ಕೆಡುತ್ತಿರುವ ಬೇಟೆಗಾರರನ್ನು ಪೂರ್ವಜರ ಬಾಳಿಗೆ ಮರಳಿಸುವುದೆಂಬ ಭಾವನೆ ಅದರಲ್ಲಿದ್ದಿತು. ಬಂದೂಕನ್ನು ಬದಿಗಿಡಿಸಿ ಈಟಿಯನ್ನು ಕೊಟ್ಟವನ ಭಾವನೆಯೂ ಅದೇ. ಒಬ್ಬನು ಅದನ್ನು ಒಂದು ವರ್ಷದ ನಟನೆಗಾಗಿ ಬಯಸಿದನು. ಇನ್ನೊಬ್ಬರು ಜೀವಮಾನದ ಬಾಳಿಗಾಗಿ ವಿಧಿಸಿದರು.

ಹಾಗಾದರೆ ಕ್ಯಾಮೆರಾವನ್ನೇ ದೂರವಿಡಬೇಕೆ? ಬ್ಯಾಫಿನ್ ದ್ವೀಪದ ಬಳಿಯ ಇಗ್ಲೂಲಿಕ್ ಗ್ರಾಮವು ಮೊದಲು ಹಾಗೆಯೇ ಎಣಿಸಿತು. ದಕ್ಷಿಣದ ಟೆಲಿವಿಷನ್ ತಮ್ಮ ಊರಿಗೆ ಬೇಡವೆಂದು 1975ರಲ್ಲೊಮ್ಮೆ, 1979ರಲ್ಲೊಮ್ಮೆ ಊರವರು ಮತ ಹಾಕಿದರು. ತಮ್ಮ ನುಡಿಯ ಕಾರ್ಯಕ್ರಮಗಳು ಹುಟ್ಟಿದ ಮೇಲೆಯೇ ಒಪ್ಪಿದರು. ಅದೇ ಊರಿನ ಶಿಲ್ಪಿ ಜಕರಿಯಾಸ್ ಕುನುಕ್ ಎಂಬವನು 1981ರಲ್ಲಿ ತನ್ನ ಕೆತ್ತನೆಗಳನ್ನು ಮಾರಿ ವಿಡಿಯೋ ಕ್ಯಾಮೆರಾವನ್ನು ಕೊಂಡುತಂದನು. ಗೆಳೆಯರೊಡನೆ ಆತನು 1990ರ ದಶಕದಲ್ಲಿ ತೆಗೆದ ‘ನುನಾವುಟ್’ ಎಂಬ 13 ಕಂತುಗಳ ಮಾಲೆಯು 1945-46ರ ಇನುಯಿಟ್ ಕುಟುಂಬಗಳ ಬಾಳನ್ನು ತೋರಿಸುತ್ತದೆ. ಅದೂ ನಟನೆಯೇ: ಹಳೆಯ ಉಡುಪು, ನಾಯಿಗಳೆಳೆಯುವ ಬಂಡಿ, ಮಂಜಿನ ಮನೆ. ಸಾಕ್ಷ್ಯವೆಲ್ಲಿ ಮುಗಿದು ಕಲ್ಪನೆಯೆಲ್ಲಿ ಮೊದಲಾಯಿತೆಂದು ಗೆರೆಯೆಳೆಯುವುದು ಅಲ್ಲಿಯೂ ಕಷ್ಟ. ಫ್ಲಾಹರ್ಟಿಯು ತೆಗೆದುಕೊಂಡಷ್ಟೇ ಸ್ವಾತಂತ್ರ್ಯವನ್ನು ಕುನುಕನೂ ತೆಗೆದುಕೊಂಡನು. ಆದರೆ ಹೀಗಲ್ಲ, ಹೀಗೆ ಎಂದು ತಿದ್ದಲು ಆ ಕಾಲವನ್ನು ಕಂಡಿದ್ದ ಹಿರಿಯರು ಅಲ್ಲಿದ್ದರು. ನಟಿಸುವವರಿಗೆ ಅದು ಯಾರ ಕಾಲ, ಏತಕ್ಕಾಗಿ ನಟಿಸುತ್ತಿರುವೆವು ಎಂಬುದು ಗೊತ್ತಿದ್ದಿತು.

2001ರಲ್ಲಿ ಇದೇ ತಂಡವು ‘ಅತನರ್ಜುವಾಟ್’ ಎಂಬ ಪುರಾತನ ಐತಿಹ್ಯವನ್ನು ಚಿತ್ರವಾಗಿಸಿ ಫ್ರಾನ್ಸಿನ ಕಾನ್ ನಗರದ ಉತ್ಸವದಲ್ಲಿ ಚೊಚ್ಚಲ ಚಿತ್ರದ ಪ್ರಶಸ್ತಿಯನ್ನು ಪಡೆಯಿತು. ಅದು ಕಥಾಚಿತ್ರ, ಸಾಕ್ಷ್ಯದ ಹೊಣೆಯೇ ಅದಕ್ಕಿಲ್ಲ. ಆದರೂ ಕಥೆ ಮುಗಿದು ಹೆಸರುಗಳು ಮೂಡುವಾಗ ತೆರೆಯ ಮೇಲೆ ಬೇರೊಂದು ನೋಟವು ಬರುತ್ತದೆ. ಇಂದಿನ ಉಡುಪಿನ ಜನರು ಮಂಜಿನ ಮೇಲೆ ಓಡಾಡುತ್ತಿದ್ದಾರೆ. ಕ್ಯಾಮೆರಾವನ್ನು ಜಾರುಬಂಡಿಯ ಮೇಲಿಟ್ಟು ಕೆಲವರು ನೂಕುತ್ತಿದ್ದಾರೆ. ಈಗತಾನೆ ಪುರಾತನಕಾಲದ ವೀರನಾಗಿ ಕಂಡವನು ಅವರ ನಡುವೆ ನಿಂತು ನಗುತ್ತಿದ್ದಾನೆ.