ಮಕ್ಕಳ ನ್ಯಾಯಪೀಠದಲ್ಲಿ ಕೂಡುವವರು ಯಾರು?

ಬೆಂಗಳೂರಿನ ಹೆಬ್ಬಾಳದಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದು ಆ ಊರಿನ ಹಳಮೆಯನ್ನು ಕ್ರಿ. ಶ. ೭೫೦ರ ಸುಮಾರಿಗೆ ಒಯ್ಯುತ್ತದೆ. ಗಂಗರ ಶ್ರೀಪುರುಷನ ಕಾಲದ ಈ ಶಾಸನ, ಕಾಳಗದಲ್ಲಿ ಮಡಿದ ಕಿತ್ತಯ್ಯನನ್ನು ನೆನೆಯುತ್ತ ‘ಪೆರ್ಬೊಳಲ್‌ನಾಡು ಮೂವತ್ತು’ ಎಂಬ ವಿಭಾಗವನ್ನು ಹೆಸರಿಸುತ್ತದೆ. ಪಕಾರವು ಹಕಾರವಾಗುವ ಕ್ರಮವನ್ನು ಬಲ್ಲವರಿಗೆ ಆ ಪೆರ್ಬೊಳಲೇ ಈ ಹೆಬ್ಬಾಳವೆಂದು ತಿಳಿಯುವುದು ಕಷ್ಟವಲ್ಲ. ಅಂಥ ನಾಡುಗಳಲ್ಲಿ ತಂಟೆ ತಕರಾರುಗಳನ್ನು ಗಾವುಂಡರೂ ಊರ ಹಿರಿಯರೂ ಕೂಡಿ ತೀರಿಸುತ್ತಿದ್ದರು. ಇಂದಿನ ಹೆಬ್ಬಾಳದವರು ಮತ ಹಾಕಿ ಶಾಸಕರನ್ನು ಆರಿಸುತ್ತಾರೆ. ನ್ಯಾಯಾಧೀಶರನ್ನು ಮಾತ್ರ ಆರಿಸುವುದಿಲ್ಲ. ಆರಿಸಿದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು.

ಹಾಗೆ ಆರಿಸಿ ನೋಡಿದ ದೇಶವೆಂದರೆ ಅಮೆರಿಕ. ಅಲ್ಲಿಯ ಷಿಕಾಗೊ ನಗರದಲ್ಲಿ ೧೮೯೯ರಲ್ಲಿ ಮಕ್ಕಳಿಗೆಂದೇ ಬೇರೆ ನ್ಯಾಯಾಲಯ ಏರ್ಪಟ್ಟಿತು. ಎರಡು ವರ್ಷಗಳ ಮೇಲೆ ಕೊಲೊರಾಡೊ ಸಂಸ್ಥಾನದ ಡೆನ್‌ವರಿನಲ್ಲಿ ಬೆನ್ ಲಿಂಡ್ಸೆ ಎಂಬವರು ನ್ಯಾಯಾಧೀಶರಾದರು. ತಪ್ಪಿತಸ್ಥ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೆಳೆಯನಂತೆ ಮಾತಾಡಿಸುವುದು ಅವರ ಪದ್ಧತಿ. ಸುಧಾರಣಾ ಶಾಲೆಗೆ ಹೋಗಬೇಕಾದ ಹುಡುಗನ ಕೈಗೇ ಆಜ್ಞಾಪತ್ರವನ್ನಿತ್ತು, ಪೋಲೀಸರ ಕಾವಲಿಲ್ಲದೆ ಒಬ್ಬನನ್ನೇ ಕಳುಹಿಸುತ್ತಿದ್ದರು! ೧೯೦೮ರಲ್ಲಿ ಎರಡು ದೊಡ್ಡ ಪಕ್ಷಗಳೂ ಅವರನ್ನು ಕೈಬಿಟ್ಟವು. ಲಿಂಡ್ಸೆ ಸ್ವತಂತ್ರರಾಗಿ ನಿಂತು ಗೆದ್ದರು. ಕೊಲೊರಾಡೊದ ಹೆಂಗಸರಿಗೆ ೧೮೯೩ರಲ್ಲಿಯೇ ಮತದ ಹಕ್ಕು ಬಂದಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು.

ಆದರೆ ಮತ ಕೊಟ್ಟ ಪೀಠವನ್ನು ಮತವೇ ಅಲುಗಿಸಿತು. ೧೯೨೪ರ ಚುನಾವಣೆಯಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ವರ್ಣದ್ವೇಷಿಗಳ ಕೂಟ ಅವರಿಗೆ ಎದುರಾಗಿ ನಿಂತಿತು. ಅವರು ಅಲ್ಪ ಮತಗಳಿಂದ ಗೆದ್ದರೂ ಫಲಿತಾಂಶ ವ್ಯಾಜ್ಯಕ್ಕೆ ಬಿದ್ದು, ೧೯೨೭ರಲ್ಲಿ ಪೀಠವನ್ನು ಬಿಡಬೇಕಾಯಿತು. ೧೯೬೬ರಲ್ಲಿ ಕೊಲೊರಾಡೊದ ಜನರೇ ನ್ಯಾಯಾಧೀಶರ ಪಕ್ಷದ ಚುನಾವಣೆಯನ್ನು ಕೊನೆಗಾಣಿಸಿದರು.

ನಮ್ಮ ನಾಡು ಬೇರೆ ದಾರಿ ಹಿಡಿಯಿತು. ಮದರಾಸು ಪ್ರಾಂತ್ಯದಲ್ಲಿ ೧೯೨೦ರಲ್ಲಿ, ಧಾರವಾಡ, ಬೆಳಗಾವಿಗಳು ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ೧೯೨೪ರಲ್ಲಿ ಮಕ್ಕಳ ಕಾಯಿದೆಗಳಾದವು. ಏಕೀಕರಣದ ತರುವಾಯ ಮೈಸೂರು ರಾಜ್ಯದ ಮಕ್ಕಳ ಕಾಯಿದೆ ೧೯೬೪ರಲ್ಲಿ ಬಂದಿತು. ಆಮೇಲೆ ದೇಶದ ಬಹುಭಾಗಕ್ಕೆ ಅನ್ವಯಿಸುವಂತೆ ೧೯೮೬, ೨೦೦೦ ಮತ್ತು ೨೦೧೫ರ ಕಾಯಿದೆಗಳು ಬಂದವು.

೨೦೧೫ರ ಕಾಯಿದೆಯಂತೆ ಜಿಲ್ಲೆಗೊಂದಾದರೂ ಬಾಲನ್ಯಾಯ ಮಂಡಳಿ ಇರಬೇಕು. ಅದರಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕ್ಷೇಮದ ಕೆಲಸದಲ್ಲಿ ಏಳು ವರ್ಷ ದುಡಿದವರು ಈ ಸದಸ್ಯತ್ವಕ್ಕೆ ಅರ್ಹರು. ಮನಶ್ಶಾಸ್ತ್ರ, ಕಾನೂನು ಮೊದಲಾದವುಗಳಲ್ಲಿ ಪದವಿ ಪಡೆದು ವೃತ್ತಿಯಲ್ಲಿರುವವರಿಗೂ ಅವಕಾಶವುಂಟು. ಆಯ್ಕೆ ಸಮಿತಿ ಸೂಚಿಸಿದವರನ್ನು ಸರ್ಕಾರ ನೇಮಿಸುತ್ತದೆ. ಅಭಿಪ್ರಾಯಭೇದ ಬಂದರೆ ಬಹುಮತದ ಮಾತೇ ನಡೆಯುತ್ತದೆ. ಎಂದರೆ, ಇಬ್ಬರು ಸಾಮಾನ್ಯ ಪ್ರಜೆಗಳು ಒಮ್ಮತದಿಂದಿದ್ದರೆ ಮ್ಯಾಜಿಸ್ಟ್ರೇಟರ ಅಭಿಪ್ರಾಯವೂ ಬದಿಗೆ ಸರಿಯಬೇಕು. ಇದು ಸಣ್ಣ ಅಧಿಕಾರವೇ?

ಇಂಥ ಅಧಿಕಾರವಿರುವವರನ್ನು ಮತದಿಂದ ಆರಿಸಬಾರದೇಕೆ? ಮಗುವಿನ ಹೆಸರನ್ನೂ ಗುರುತನ್ನೂ ಪ್ರಕಟಿಸಕೂಡದೆಂಬುದು ಕಾಯಿದೆಯ ಕಟ್ಟಳೆ. ಮರೆಯಲ್ಲಿ ನಡೆಯುವ ಕೆಲಸವನ್ನು ಕಂಡು ಮತದಾರನು ಬೆಲೆ ಕಟ್ಟುವುದೆಂತು? ಮತ ಬೇಕಾದವರು ಕಠಿಣ ಶಿಕ್ಷೆಯ ಮಾತನ್ನಾಡಿ ಚಪ್ಪಾಳೆ ಗಿಟ್ಟಿಸಬಹುದು; ಹದಿನಾಲ್ಕರ ಹುಡುಗನೊಬ್ಬ ಅದರ ಬೆಲೆ ತೆರಬೇಕಾದೀತು. ಆದ್ದರಿಂದ ಚುನಾವಣೆಯಿಲ್ಲದ ನಮ್ಮ ಏರ್ಪಾಡೇ ಮೇಲೆನಿಸುತ್ತದೆ. ಆದರೆ ಒಳ್ಳೆಯವರು ಮುಂದೆ ಬಾರದಿದ್ದರೆ ಈ ಏರ್ಪಾಡಿಗೂ ಬಲವಿಲ್ಲ. ನಿಮ್ಮ ಬೀದಿಯಲ್ಲಿ ಮಕ್ಕಳ ಮನಸ್ಸನ್ನು ಬಲ್ಲ ಉಪಾಧ್ಯಾಯಿನಿಯೋ ದಾದಿಯೋ ಇದ್ದರೆ, ಸದಸ್ಯತ್ವಕ್ಕೆ ಅರ್ಜಿ ಕರೆದಾಗ ಅವರಿಗೆ ತಿಳಿಸಿರಿ. ನೀವೇ ಅರ್ಹರಾಗಿದ್ದರೆ ಅರ್ಜಿಯನ್ನು ಬರೆಯಿರಿ.