ಥರ್ಡ್ ಪಾರ್ಟಿ ಅಂದ್ರೆ ಯಾರು?

ಮೊನ್ನೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಟೀ ಕುಡೀತಾ ಇದ್ದಾಗ ನಮ್ಮ ಹುಡುಗ ಒಬ್ಬ ಇನ್ಶೂರೆನ್ಸ್ ಕಾಗದ ತಂದು ನನ್ನ ಮುಂದೆ ಹಿಡಿದ. "ಅಣ್ಣಾ, ನಾಲ್ಕು ವರ್ಷದಿಂದ ಒಂದು ಕ್ಲೇಮೂ ಮಾಡಿಲ್ಲ. ಗಾಡಿಗೆ ಒಂದು ಗೀರೂ ಇಲ್ಲ. ಆದ್ರೂ ಈ ಥರ್ಡ್ ಪಾರ್ಟಿ ದುಡ್ಡು ಒಂದು ರೂಪಾಯಿನೂ ಇಳಿಯಲ್ಲ. ಯಾವನ್ಗೆ ಹೋಗುತ್ತಣ್ಣಾ ಇದು?"

ನಾನು ಯೆಲ್ಲೋ ಬೋರ್ಡ್ ಓಡಿಸ್ತಿದ್ದಾಗ ಇದೇ ಪ್ರಶ್ನೆ ಕೇಳಿದ್ದೆ. ಕೇಳಿದ್ದಷ್ಟೇ ಅಲ್ಲ, ಪ್ರೀಮಿಯಂ ಏರಿಕೆ ವಿರುದ್ಧ ಬ್ಯಾನರ್ ಹಿಡಿದು ಘೋಷಣೆ ಕೂಗಿದ್ದೆ. ಇವತ್ತು ಆ ಹುಡುಗನಿಗೆ ಒಂದೇ ಮಾತಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೀತಿದೀನಿ. ಪೂರ್ತಿ ಓದಿ.

ಮೊದಲು ಕಾಗದ ಓದೋದು ಕಲಿಯೋಣ. ಪಾಲಿಸಿಯಲ್ಲಿ ಎರಡು ಲೆಕ್ಕ ಇರುತ್ತೆ. ಒಂದು ನಮ್ಮ ಗಾಡಿಯ ಡ್ಯಾಮೇಜಿಗೆ. ಅದು ಗಾಡಿಯ ಬೆಲೆ, ವಯಸ್ಸಿನ ಮೇಲೆ ಹೋಗುತ್ತೆ. ನೋ ಕ್ಲೇಮ್ ಬೋನಸ್ ಸಿಗೋದು ಈ ಭಾಗಕ್ಕೆ ಮಾತ್ರ. ಇನ್ನೊಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಸಾವುನೋವಾದರೆ ಕೊಡೋ ಪರಿಹಾರಕ್ಕೆ. ಇದರ ದರ ಕಂಪನಿ ಇಡೋದಲ್ಲ, ಸರ್ಕಾರದ ಕಡೆಯಿಂದ ಬರುತ್ತೆ. ಒಂದೇ ವರ್ಗದ ಗಾಡಿ ಅಂದ್ರೆ ಹುಷಾರಾಗಿ ಓಡಿಸೋನಿಗೂ, ಕುಡಿದು ಓಡಿಸೋನಿಗೂ ಒಂದೇ ರೇಟು. ಹುಡುಗನ ಸಿಟ್ಟಿನ ಮೂಲ ಇಲ್ಲಿದೆ. ಅದು ನ್ಯಾಯವಾದ ಸಿಟ್ಟೇ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

ಮೋಟಾರು ವಾಹನ ಕಾಯ್ದೆ ಬಂದದ್ದು 1939ರಲ್ಲಿ, ಬ್ರಿಟಿಷರ ಕಾಲದಲ್ಲಿ. ಆದರೆ ಅದರಲ್ಲಿದ್ದ ಕಡ್ಡಾಯ ಇನ್ಶೂರೆನ್ಸಿನ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಕಾರು ಇದ್ದೋರು ಯಾರು ಆಗ? ರಾಜರು, ಸಾಹೇಬರು, ಜಮೀನ್ದಾರರು. ಬರಿಗಾಲಲ್ಲಿ ರಸ್ತೇಲಿ ನಡೀತಿದ್ದೋರು ಯಾರು? ಅದನ್ನ ನಾನು ಹೇಳಬೇಕಾಗಿಲ್ಲ. ಗಾಡಿ ಇರೋನು ಕಾಸು ಕಟ್ಟಬೇಕು, ಗಾಡಿ ಇಲ್ಲದೋನಿಗೆ ಏಟಾದರೆ ಆ ಕಾಸಿನಿಂದ ಪರಿಹಾರ ಸಿಗಬೇಕು. ಮೂಲದಲ್ಲಿ ಈ ಕಾನೂನು ಇಷ್ಟೇ. ಆ "ಮೂರನೆಯವನು" ಅನ್ನೋ ಜಾಗದಲ್ಲಿ ನಮ್ಮಪ್ಪ, ನಮ್ಮಜ್ಜಿ ನಿಂತಿದ್ರು.

ಅದರ ಮರುವರ್ಷ, 1947ರಲ್ಲಿ, ಬಾಬಾಸಾಹೇಬರು ಪರಿಶಿಷ್ಟ ಜಾತಿಗಳ ಫೆಡರೇಷನ್ ಪರವಾಗಿ ಸಂವಿಧಾನ ಸಭೆಗೆ ಒಂದು ಮನವಿ ಕೊಟ್ಟರು. ಅದೇ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'. ಮೀಸಲಾತಿ ಭಾಗ ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಇನ್ಶೂರೆನ್ಸ್ ಬಗ್ಗೆಯೂ ಇದೆ. ವಿಮೆ ಸರ್ಕಾರದ ಕೈಯಲ್ಲೇ ಇರಬೇಕು, ವಯಸ್ಸಿಗೆ ಬಂದ ಪ್ರತಿಯೊಬ್ಬರೂ ತಮ್ಮ ಕೂಲಿಗೆ ತಕ್ಕಂತೆ ಜೀವವಿಮೆ ಮಾಡಿಸೋ ಹಾಗೆ ಕಾನೂನು ಇರಬೇಕು ಅಂತ ಅವರು ಬರೆದರು. ಅವರು ಹೇಳಿದ್ದು ಜೀವವಿಮೆಯ ಕಡ್ಡಾಯ, ಮೋಟಾರು ವಿಮೆಯದ್ದಲ್ಲ. ಆದ್ರೂ ಬಡವನ ಕುಟುಂಬಕ್ಕೆ ಭದ್ರತೆ ಅನ್ನೋದು ಮಾರುಕಟ್ಟೆಯ ದಯೆ ಆಗಬಾರದು ಅನ್ನೋ ಆಲೋಚನೆ ಅಲ್ಲಿ ಸ್ಪಷ್ಟವಾಗಿದೆ.

1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣ ಆಯ್ತು. ನೂರಕ್ಕೂ ಹೆಚ್ಚು ಕಂಪನಿಗಳು ಹೋಗಿ ನಾಲ್ಕು ಸರ್ಕಾರಿ ಕಂಪನಿ ಉಳಿದವು. 2000ದ ನಂತರ ಖಾಸಗಿಯವರು ಮತ್ತೆ ಬಂದರು. 2007ರ ಜನವರಿಯಿಂದ ಗಾಡಿಯ ಡ್ಯಾಮೇಜ್ ಭಾಗದ ದರವನ್ನ ಕಂಪನಿಗಳಿಗೇ ಬಿಟ್ಟರು. ಥರ್ಡ್ ಪಾರ್ಟಿ ದರ ಮಾತ್ರ ನಿಯಂತ್ರಕರ ಕೈಯಲ್ಲಿ ಉಳೀತು. 2011ರ ನಂತರ ಕೆಲವು ವರ್ಷ ಹೆಚ್ಚುಕಮ್ಮಿ ವರ್ಷವರ್ಷ ಪರಿಷ್ಕರಣೆ ಆಗ್ತಿತ್ತು. ಏಪ್ರಿಲ್ ಬಂತು ಅಂದ್ರೆ ಸ್ಟ್ಯಾಂಡಿನಲ್ಲಿ ಇದೇ ಮಾತು, "ಈ ಸಲ ಎಷ್ಟು ಏರ್ಸವ್ರೆ?"

ಅದರ ಸಿಟ್ಟು ರಸ್ತೆಗೆ ಬಂದದ್ದು 2017ರಲ್ಲಿ. ಮಾರ್ಚ್ 30ರಿಂದ ದಕ್ಷಿಣದ ರಾಜ್ಯಗಳಲ್ಲಿ ಲಾರಿ ಮುಷ್ಕರ. ನಮ್ಮ ರಾಜ್ಯದ ಲಾರಿ ಮಾಲೀಕರೂ ಇದ್ದರು. ಮುಖ್ಯ ಬೇಡಿಕೆಯೇ ಥರ್ಡ್ ಪಾರ್ಟಿ ಏರಿಕೆ ವಾಪಸ್ ತಗೋಬೇಕು ಅನ್ನೋದು. ಒಂದು ವಾರ ದಾಟಿದ ಮೇಲೆ ಮಾತುಕತೆ ಆಗಿ, ಏರಿಕೆಯನ್ನ ತಗ್ಗಿಸಿದರು. 2018ರ ಜುಲೈ 20ರಿಂದ 27ರವರೆಗೆ ದೇಶದಾದ್ಯಂತ ಇನ್ನೊಂದು ಮುಷ್ಕರ. ಡೀಸೆಲ್, ಟೋಲ್ ಜೊತೆ ಈ ಪ್ರೀಮಿಯಮ್ಮೂ ಬೇಡಿಕೆ ಪಟ್ಟಿಯಲ್ಲಿತ್ತು. 2019ರ ಜನವರಿಯಿಂದ ಗೂಡ್ಸ್ ಗಾಡಿಗಳ ಥರ್ಡ್ ಪಾರ್ಟಿ ಮೇಲಿನ ಜಿಎಸ್‌ಟಿ ಶೇ. 18ರಿಂದ 12ಕ್ಕೆ ಇಳೀತು. ಟ್ಯಾಕ್ಸಿಯವರಿಗೆ ಆ ರಿಯಾಯಿತಿ ಬರಲಿಲ್ಲ.

ನಾನು ಬ್ಯಾನರ್ ಹಿಡಿದದ್ದು ಆ ಜುಲೈನಲ್ಲೇ. ಲಾರಿ ಓಡದೆ ಇದ್ದಾಗ ಮಂಡಿಯಲ್ಲಿ ಮೂಟೆ ಹೊರೋ ಹಮಾಲಿಗಳು, ಲಾರಿ ಕ್ಲೀನರ್ ಹುಡುಗರು ದಿನಗೂಲಿ ಇಲ್ದೆ ಕೂತಿದ್ದನ್ನ ಕಣ್ಣಾರೆ ಕಂಡೆ. ಅವರಲ್ಲಿ ಅರ್ಧಕ್ಕರ್ಧ ನಮ್ಮೋರೇ. ಬೇಡಿಕೆ ಪಟ್ಟಿಯಲ್ಲಿ ಅವರ ಒಂದು ಸಾಲೂ ಇರಲಿಲ್ಲ. ಆದರೆ ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 1ರಿಂದ ಸುಪ್ರೀಂ ಕೋರ್ಟ್ ಆದೇಶದಂತೆ ಹೊಸ ಖಾಸಗಿ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಂದೇ ಸಲ ಕಟ್ಟಬೇಕಾಯ್ತು. ನೂರಿಪ್ಪತ್ತೈದು ಸಿಸಿ ಬೈಕಿಗೆ ವರ್ಷಕ್ಕೆ 720 ರೂಪಾಯಿ ಇದ್ದದ್ದು, ಒಟ್ಟಿಗೆ 3,285. ಸಾವಿರ ಸಿಸಿ ಒಳಗಿನ ಕಾರಿಗೆ 1,850ರ ಜಾಗದಲ್ಲಿ 5,286. ಶೋರೂಮುಗಳಲ್ಲಿ ಜನ ಬೈದುಕೊಂಡೇ ಕಟ್ಟಿದರು. ನಾನೂ ಬೈದೆ. ಆದರೆ ಕೋರ್ಟ್ ಯಾಕೆ ಹಾಗೆ ಹೇಳ್ತು? ಮೊದಲ ವರ್ಷ ಮುಗಿದ ಮೇಲೆ ಎಷ್ಟೋ ಗಾಡಿಗಳು ಇನ್ಶೂರೆನ್ಸೇ ಇಲ್ಲದೆ ಓಡ್ತಿದ್ದವು. ಅಂಥ ಗಾಡಿ ಗುದ್ದಿದರೆ ಸತ್ತವನ ಹೆಂಡತಿ ಮಕ್ಕಳು ಯಾರ ಮನೆ ಬಾಗಿಲಿಗೆ ಹೋಗಬೇಕು?

ನನ್ನ ಕಣ್ಣು ತೆರೆಸಿದ್ದು ಕೋರ್ಟ್ ಅಲ್ಲ, ನಮ್ಮ ಕೇರಿ.

ಒಂದು ದಿನ ಬೆಳಿಗ್ಗೆ ಕೂಲಿಗೆ ಹೊರಟ ನಮ್ಮ ಹೆಣ್ಮಕ್ಕಳಿದ್ದ ಗೂಡ್ಸ್ ಟೆಂಪೊ ತಿರುವಲ್ಲಿ ಪಲ್ಟಿ ಆಯ್ತು. ನಮ್ಮ ಚಿಕ್ಕಮ್ಮ ಒಬ್ಬರು ಅಲ್ಲೇ ಹೋದರು. ಟೆಂಪೊಗೆ ಇನ್ಶೂರೆನ್ಸ್ ಇತ್ತು, ಪ್ರೀಮಿಯಂ ಪೂರ್ತಿ ಕಟ್ಟಿತ್ತು. ಆದರೆ ಕಂಪನಿ ವಕೀಲರು ಹೇಳಿದ್ದು ಒಂದೇ ಮಾತು, "ಇದು ಗೂಡ್ಸ್ ಗಾಡಿ. ಹಿಂದೆ ಕೂತೋರು ನಮ್ಮ ಲೆಕ್ಕಕ್ಕೆ ಬರಲ್ಲ."

ಅವರು ಸುಳ್ಳು ಹೇಳಲಿಲ್ಲ. ಆಶಾ ರಾಣಿ ಪ್ರಕರಣದಲ್ಲಿ 2002ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಗೂಡ್ಸ್ ಗಾಡಿಯಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಕೂತಿದ್ದರೆ ರಕ್ಷಣೆ ಉಂಟು. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಇನ್ಶೂರೆನ್ಸ್ ಕಂಪನಿ ಹೊಣೆ ಅಲ್ಲ. ಕೆಲವು ಪ್ರಕರಣಗಳಲ್ಲಿ "ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ" ಅಂತ ಆದೇಶ ಆಗಿದೆ. ಎಲ್ಲರಿಗೂ ಆ ಅದೃಷ್ಟ ಇಲ್ಲ. ಟೊಮೇಟೊ ಕ್ರೇಟಿನ ಮಾಲೀಕ ಲೆಕ್ಕಕ್ಕೆ ಬರ್ತಾನೆ, ಟೊಮೇಟೊ ಬಿಡಿಸೋಕೆ ಹೋದೋಳು ಬರಲ್ಲ. ಅವತ್ತು ಟ್ರಿಬ್ಯೂನಲ್ ಹೊರಗೆ ನಿಂತಾಗ ನಾನು ಹಿಡಿದಿದ್ದ ಬ್ಯಾನರ್ ನೆನಪಾಯ್ತು.

ಇನ್ನು ಪರಿಹಾರ ಸಿಕ್ಕೋರ ಕಥೆ. ಲೆಕ್ಕ ಹೀಗೆ: ಸತ್ತವರ ವರ್ಷದ ಆದಾಯ ತಗೊಂಡು, ಅವರ ಸ್ವಂತ ಖರ್ಚು ಕಳೆದು, ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸೋದು. ಸ್ಯಾಲರಿ ಸ್ಲಿಪ್ ಇದ್ದೋರಿಗೆ ಇದು ಸರಿಹೋಗುತ್ತೆ. ಪೌರಕಾರ್ಮಿಕರಿಗೆ, ಕೂಲಿಯವರಿಗೆ, ತಲೆತಲಾಂತರದಿಂದ ಕಮ್ಮಿ ಕೂಲಿ ಕೊಟ್ಟು ಇಟ್ಟ ಸಮುದಾಯಕ್ಕೆ? ಬದುಕಿದ್ದಾಗ ಕಮ್ಮಿ ಕೊಟ್ಟಿದ್ದೇ ಸತ್ತ ಮೇಲೂ ಕಮ್ಮಿ ಕೊಡೋಕೆ ಆಧಾರ ಆಗುತ್ತೆ. ಜಾತಿ ಕಾಲಂ ಅಲ್ಲಿಲ್ಲ. ಆದರೆ ಜಾತಿ ಆದಾಯದ ಕಾಲಂನಲ್ಲಿ ಕೂತಿರುತ್ತೆ.

ತಪ್ಪು ಯಾರದ್ದು ಅಂತ ಸಾಬೀತು ಮಾಡದೆ ಪರಿಹಾರ ಕೇಳೋ ದಾರಿಗೆ 1994ರಲ್ಲಿ ಒಂದು ಪಟ್ಟಿ ಮಾಡಿದರು. ದುಡಿಮೆ ಇಲ್ಲದವರ ಆದಾಯ ವರ್ಷಕ್ಕೆ 15,000 ರೂಪಾಯಿ ಅಂತ ಬರೆದರು. ಅದನ್ನ ಪರಿಷ್ಕರಿಸಿಲ್ಲ ಯಾಕೆ ಅಂತ 2013ರಲ್ಲಿ ಸುಪ್ರೀಂ ಕೋರ್ಟೇ ಕೇಂದ್ರವನ್ನ ಕೇಳಿತು. ಕೊನೆಗೆ ಪಟ್ಟಿ ಬದಲಾದದ್ದು 2018ರ ಮೇ ತಿಂಗಳಲ್ಲಿ, ಸಾವಿಗೆ 5 ಲಕ್ಷ ಅಂತ. ಪ್ರೀಮಿಯಂ ವರ್ಷವರ್ಷ ಏರ್ತಾ ಹೋಯ್ತು, ಬಡವರ ಜೀವದ ರೇಟು ಇಪ್ಪತ್ಮೂರು ವರ್ಷ ನಿಂತಲ್ಲೇ ನಿಂತಿತ್ತು. ಇದರ ವಿರುದ್ಧ ಯಾರಾದ್ರೂ ಒಂದು ದಿನ ಲಾರಿ ನಿಲ್ಲಿಸಿದ್ದು ನಾನಂತೂ ನೋಡಿಲ್ಲ.

ಆಮೇಲೆ 2019ರ ತಿದ್ದುಪಡಿ. ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನೋ ಗಡುವು ಮತ್ತೆ ಬಂತು, 2022ರ ಏಪ್ರಿಲ್ 1ರಿಂದ ಜಾರಿ. 1994ರಲ್ಲಿ ತೆಗೆದುಹಾಕಿದ್ದ ಗಡುವು ಅದು. ಗಂಡ ಸತ್ತ ಹೆಣ್ಮಗಳು ತಿಥಿ ಮುಗಿಸಿ, ಸಾಲ ತೀರಿಸಿ, ಸ್ಟೇಷನ್ ಅಲೆದು, ವಕೀಲರನ್ನ ಹುಡುಕೋದ್ರೊಳಗೆ ಆರು ತಿಂಗಳು ಕಳೆದೇ ಹೋಗುತ್ತೆ.

ಹಾಗಾದ್ರೆ ಪ್ರೀಮಿಯಂ ಎಷ್ಟಾದ್ರೂ ಏರಲಿ ಅಂತ ನಾನು ಹೇಳ್ತಿದೀನಾ? ಖಂಡಿತ ಇಲ್ಲ. ಇಎಂಐ ಕಟ್ಟಿ, ಆ್ಯಪ್‌ನವರಿಗೆ ಕಮಿಷನ್ ಕೊಟ್ಟು, ಇನ್ಶೂರೆನ್ಸ್ ಇಲ್ದೆ ಎಫ್‌ಸಿ ಆಗಲ್ಲ ಅಂತ ಬಡ್ಡಿಗೆ ಸಾಲ ತರೋ ನಮ್ಮ ಹುಡುಗರ ಕಷ್ಟ ನನಗೆ ಗೊತ್ತು. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸೋನಿಗೂ, ಐವತ್ತು ಗಾಡಿ ಇರೋ ಟ್ರಾವೆಲ್ಸಿಗೂ ಒಂದೇ ದರ ಯಾಕೆ? ಹುಷಾರಾಗಿ ಓಡಿಸೋನಿಗೆ ಥರ್ಡ್ ಪಾರ್ಟಿಯಲ್ಲೂ ರಿಯಾಯಿತಿ ಯಾಕಿಲ್ಲ? ಇದನ್ನ ಕೇಳೋಣ, ಗಟ್ಟಿಯಾಗೇ ಕೇಳೋಣ.

ಆದರೆ ಅದೇ ಬ್ಯಾನರಿನಲ್ಲಿ ಇನ್ನೂ ಮೂರು ಸಾಲು ಇರಲಿ. ಗೂಡ್ಸ್ ಗಾಡಿಯಲ್ಲಿ ಕೂಲಿಗೆ ಹೋಗೋರಿಗೂ ರಕ್ಷಣೆ ಕೊಡಿ, ಅದರ ಹೊರೆ ಕೂಲಿಗೆ ಕರೆಸೋರು ಹೊರಲಿ. ಆರು ತಿಂಗಳ ಗಡುವು ತೆಗೀರಿ. ಕೂಲಿಯವರ ಜೀವಕ್ಕೆ ಕನಿಷ್ಠ ಒಂದು ಗೌರವದ ಮೊತ್ತ ಇಟ್ಟು, ಅದನ್ನೂ ಪ್ರೀಮಿಯಂ ಥರ ಕಾಲಕಾಲಕ್ಕೆ ಏರಿಸಿ.

ಅಲ್ಲೀವರೆಗೆ ಒಂದು ಮಾತು ನೆನಪಿಟ್ಟುಕೊಳ್ಳಿ. ಕೇರಿಯಲ್ಲಿ ಯಾರಿಗೇ ಅಪಘಾತ ಆದರೂ ಮೊದಲು ಎಫ್ಐಆರ್, ಗಾಡಿ ನಂಬರ್, ಆಸ್ಪತ್ರೆ ಕಾಗದ. ಆರು ತಿಂಗಳೊಳಗೆ ಅರ್ಜಿ. ಮಾಲೀಕ ಕೈಗೆ ಹತ್ತು ಸಾವಿರ ಇಟ್ಟು "ಬಿಟ್ಬಿಡಮ್ಮ" ಅಂದ್ರೆ ಎಲ್ಲೂ ಹೆಬ್ಬೆಟ್ಟು ಒತ್ತಬೇಡಿ.

ಆ ಹುಡುಗ ಕೇಳಿದ್ದನಲ್ಲ, ಯಾವನ್ಗೆ ಹೋಗುತ್ತೆ ಈ ದುಡ್ಡು ಅಂತ. ನಿಮ್ಮವ್ವನಿಗೆ ಹೋಗಬೇಕಪ್ಪಾ, ಅವಳು ರಸ್ತೆ ದಾಟುವಾಗ ಏನಾದ್ರೂ ಆದ್ರೆ. ಹೋಗ್ತಿದೆಯಾ ಅಂತ ಕೇಳೋ ಹಕ್ಕು, ಪ್ರತಿವರ್ಷ ಕಟ್ಟೋ ನಿನಗೇ ಮೊದಲು ಇರೋದು.

ಜೈ ಭೀಮ್.