ನೆಲ್ಲಿ ಮರದ ಉಪ್ಪಿಲು, ನಿಂತುಹೋದ ತರಗು ಬೆಂಕಿ

ಮರದ ಮೇಲೆ ಬೆಳೆಯುವ ಗಿಡಗಳೆಲ್ಲ ಮರಕ್ಕೆ ಕೇಡಲ್ಲ. ಸೀತಾಳೆ ದಂಡೆ ಕೊಂಬೆಯನ್ನು ಹಿಡಿದು ಕೂರುತ್ತದೆ ಅಷ್ಟೆ, ರಸ ಹೀರುವುದಿಲ್ಲ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವೇ ಇಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಉಣಿಸಿದರೇ ಅದು ಮೊಳೆಯುವುದು. ಫ್ರಾನ್ಸಿನ ನೋಯೆಲ್ ಬರ್ನಾರ್ ಇಂಥ ಹೂಗಿಡಗಳ ಈ ಗುಟ್ಟನ್ನು ಕಂಡುಕೊಂಡದ್ದು 1899ರಲ್ಲಿ.

ಉಪ್ಪಿಲು ಹಾಗಲ್ಲ. ನಾವು ಬಯಲಿನವರು ಬದನಿಕೆ ಅನ್ನುವುದನ್ನೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಉಪ್ಪಿಲು ಅನ್ನುತ್ತಾರೆ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದಾಗ ಅಂಟು ಬೀಜ ನೆಲ್ಲಿ ಕೊಂಬೆಗೆ ಮೆತ್ತಿಕೊಳ್ಳುತ್ತದೆ, ಬೇರನ್ನು ಮರದೊಳಗೇ ಇಳಿಸಿ ನೀರು ಕುಡಿಯುತ್ತದೆ. ಉಪ್ಪಿಲು ಹೆಚ್ಚಾದರೆ ಕಾಯಿ ಕಡಿಮೆ, ಕೊನೆಗೆ ಮರವೇ ಒಣಗುತ್ತದೆ. ನೆಲ್ಲಿಕಾಯಿ ಮಾರಿ ಬದುಕುವ ಪೋಡಿನ ಮನೆಗಳಿಗೆ ಇದು ಹೊಟ್ಟೆಪಾಡಿನ ವಿಷಯ.

ಮೊದಲು ಸೋಲಿಗರು ವರ್ಷದ ಆರಂಭದಲ್ಲಿ, ಬೇಸಿಗೆ ಬಲಿಯುವ ಮುಂಚೆ, ಉದುರಿದ ಎಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದೇ ತರಗು ಬೆಂಕಿ. ನೆಲದ ಮೇಲೆ ಹರಿದು ಹೋಗುತ್ತಿತ್ತು, ದೊಡ್ಡ ಮರ ಸುಡುತ್ತಿರಲಿಲ್ಲ. 1974ರಲ್ಲಿ ಕಾಡು ವನ್ಯಧಾಮವಾಯಿತು. ಪೋಡುಗಳು ಎದ್ದವು, ಬೆಂಕಿ ನಿಂತಿತು. ಆಮೇಲೆಯೇ ಲಂಟಾನವೂ ಉಪ್ಪಿಲೂ ಏರಿದ್ದು ಎಂಬುದು ಹಿರಿಯ ಸೋಲಿಗರ ಮಾತು.

ಅಧಿಕಾರಿಗಳಿಗೆ ಮಾತ್ರ ಕಾಯಿ ಕೀಳುವವರ ಮೇಲೇ ಅನುಮಾನ: ಕೊಂಬೆ ಕಡಿದು ಮರ ಕೆಡಿಸುತ್ತಾರೆ ಎಂದು. ಉಪ್ಪಿಲು ಹತ್ತಿದ ಕೊಂಬೆಯನ್ನೇ ಕಡಿಯುತ್ತೇವೆ, ಮರ ಉಳಿಯಲಿ ಅಂತ, ಎನ್ನುವುದು ಸೋಲಿಗರ ವಾದ. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ನಂತರ ಮಾರಾಟಕ್ಕೆ ಕಾಯಿ ಕೀಳುವುದಕ್ಕೂ ತಡೆ ಬಂತು. ಕಾಯಿ ಕೀಳಲು ಮರ ಹತ್ತುವವರಿಲ್ಲದ ಮೇಲೆ ಉಪ್ಪಿಲು ತೆಗೆಯುವವರು ಯಾರು? 2010ರಲ್ಲಿ ಸಂಶೋಧಕರು ಸೋಲಿಗರ ತಿಳಿವಳಿಕೆಯನ್ನೂ ತಮ್ಮ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ಬರೆದರು. ಈ ಕೆಲಸ ಇನ್ನೂ ಮೊದಲೇ ಆಗಬೇಕಿತ್ತು ಅನ್ನಿಸುತ್ತದೆ ನಮಗೆ.

ಬೆಂಕಿಯ ಹೆಸರೆತ್ತಿದರೆ ಗುಂಡ್ಲುಪೇಟೆ ಕಡೆಯವರು ಬೆಚ್ಚುವುದು ಸಹಜ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬಂಡೀಪುರ ಹೊತ್ತಿ ಉರಿದದ್ದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಒಣಗಿದ ಲಂಟಾನಕ್ಕೆ ಬೀಳುವ ಬೆಂಕಿ ಬೇರೆ, ತರಗು ಬೆಂಕಿ ಬೇರೆ. ಲಂಟಾನ ಆಳೆತ್ತರ ನಿಂತಿರುವ ಈಗ ಹಳೆಯ ಬೆಂಕಿಯನ್ನು ಹಾಗೇ ಇಡುವುದೂ ಸುಲಭವಲ್ಲ, ಮೊದಲು ಲಂಟಾನ ಕೀಳಬೇಕು.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ಅಕ್ಟೋಬರಿನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ನೆಲ್ಲಿಕಾಯಿ, ಜೇನು ತರುವ ಹಕ್ಕು ಅದರಲ್ಲಿದೆ. ತರಗು ಬೆಂಕಿ ಇಡಲು ಮಾತ್ರ ಇಲಾಖೆ ಈಗಲೂ ಬಿಡುವುದಿಲ್ಲ.